ಹೆಂಗೂ ಕೂತಿರ್ತೀಯಲ್ಲ

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರಿಗೆ, ಬೇಕರಿಗೂ ಸೈಕಲ್ ಷಾಪಿಗೂ ನಡುವೆ, ಒಂದು ಎಸ್‌ಟಿಡಿ ಬೂತು ಇತ್ತು. ಅದನ್ನು ನಡೆಸುತ್ತಿದ್ದವಳು ಶಿವರುದ್ರಮ್ಮ. ಇನ್ನೂ ಅಂಬೆಗಾಲಿಡುವ ವಯಸ್ಸಿನಲ್ಲಿ ಪೋಲಿಯೊ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಸರಳು, ನಾಲ್ಕಾರು ಚರ್ಮದ ಪಟ್ಟಿ, ತುದಿಗೊಂದು ಬೂಟು ಇದ್ದ ಕ್ಯಾಲಿಪರ್ ಬಿಗಿದುಕೊಂಡು, ಕೋಲೂರಿಕೊಂಡು ನಡೆಯುತ್ತಿದ್ದಳು. ಬೂತು ಅಂಗವಿಕಲರ ಕೋಟಾದಲ್ಲಿ ಸಿಕ್ಕಿದ್ದು ನಿಜ. ಆದರೆ ಅಲ್ಲಿಗೆ ಕನಿಕರ ತೋರಿಸಲು ಬಂದವರು ಮುಖ ಇಳಿಸಿಕೊಂಡು ವಾಪಸಾಗಬೇಕಿತ್ತು.

“ಅಯ್ಯೋ ಪಾಪ, ಕಾಲಿಗೇನಾಯ್ತವ್ವ?” ಎಂದು ಯಾರಾದರೂ ರಾಗ ತೆಗೆದರೆ, “ಫೋನ್ ಮಾಡಕ್ ಬಂದ್ರಾ, ಕಾಲ್ ನೋಡಕ್ ಬಂದ್ರಾ?” ಎನ್ನುವಳು. ಫೋನಿನಲ್ಲಿ ಹೆಂಡತಿಗೆ ಕೊಳಕು ಮಾತು ಬೈಯುವ ಗಂಡಸರ ಲೈನನ್ನು ನಡುವೆಯೇ ಕಟ್ ಮಾಡಿ, ದುಡ್ಡು ಮಾತ್ರ ಬಿಡದೆ ವಸೂಲಿ ಮಾಡುವಳು. “ಕುಂಟಿಗೆ ಕೊಬ್ಬು ನೋಡು” ಎಂದು ಅವರು ಗೊಣಗಿಕೊಂಡು ಹೋಗುವುದು ಅವಳಿಗೆ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಅವರೂ ಗೊಣಗುತ್ತಿದ್ದರು.

ಇಷ್ಟು ಬಾಯಿ ಇದ್ದ ಹೆಂಗಸಿಗೆ ಮನೆಯವರ ಮುಂದೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬೂತಿನಲ್ಲಿ ಬರುವುದಕ್ಕಿಂತ ನಾಲ್ಕು ಪಾಲು ಹೆಚ್ಚೇ ಬರುತ್ತಿತ್ತು. ಬಂದದ್ದನ್ನೆಲ್ಲ ನುಂಗುತ್ತಿದ್ದಳು. ನುಂಗುವುದನ್ನು ಅವಳಿಗೆ ಅಭ್ಯಾಸ ಮಾಡಿಸಿದ್ದು ಒಂದೇ ಒಂದು ಮಾತು: “ಹೆಂಗೂ ಕೂತಿರ್ತೀಯಲ್ಲ.”

ಅದನ್ನು ಮೊದಲು ಹೇಳಿದವಳು ಅವಳ ಅವ್ವ ಸಿದ್ದಗಂಗಮ್ಮ, ಅದೂ ಪ್ರೀತಿಯಿಂದಲೇ. ಮಗಳು ನಡೆದು ದಣಿಯದಿರಲಿ ಎಂದು ಸಂತೆಯಲ್ಲಿ ಒಂದು ಮರದ ನೆರಳಿಗೆ ಕೂರಿಸಿ, “ಇಲ್ಲೇ ಇರು ಮಗ, ಹೆಂಗೂ ಕೂತಿರ್ತೀಯಲ್ಲ, ಈ ಚೀಲ ನೋಡ್ಕೊ” ಎಂದು ಹೋಗಿದ್ದಳು. ಹಾಗೆ ಶುರುವಾದದ್ದು ಆ ಮನೆಯಲ್ಲಿ ಪದ್ಧತಿಯೇ ಆಗಿಹೋಯಿತು. ಮಠಕ್ಕೆ ಹೋಗಲಿ, ಮದುವೆಗೆ ಹೋಗಲಿ, ಸಾವಿನ ಮನೆಗೇ ಹೋಗಲಿ, ಮೊದಲು ಮನೆಯವರ ಬಾಯಲ್ಲಿ ರುದ್ರಿಯಾಗಿದ್ದ ಅವಳಿಗೆ ಒಂದು ಜಾಗ ಹುಡುಕುವುದು, ಆಮೇಲೆ ಎಲ್ಲರ ಸಾಮಾನನ್ನೂ ಅವಳ ಮಡಿಲಿಗೆ ಸುರಿಯುವುದು. ಚಪ್ಪಲಿ, ಕೊಡೆ, ತೆಂಗಿನಕಾಯಿ ಚೀಲ, ನಿದ್ದೆ ಹೋದ ಕೂಸು, ಒದ್ದೆ ಚಡ್ಡಿ. ಅಣ್ಣ ಚನ್ನಬಸವಯ್ಯ ಬಾಡಿಗೆ ಸೈಕಲ್ಲಿನಲ್ಲಿ ಸೈಕಲ್ ಕಲಿತಾಗ ಮೈದಾನದ ಅಂಚಿನಲ್ಲಿ ಅವನ ಚಪ್ಪಲಿ ಕಾಯುತ್ತ ಕೂತಿದ್ದವಳೂ ಅವಳೇ.

ತಂಗಿ ಶಶಿರೇಖಾಳ ಮದುವೆ ಕ್ಯಾತ್ಸಂದ್ರದ ಛತ್ರವೊಂದರಲ್ಲಿ ನಡೆಯಿತು. ಆ ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಳ್ಳಲು ಆಗದಿದ್ದರೂ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಶಿವರುದ್ರಮ್ಮ. ಮುಹೂರ್ತದ ಹೊತ್ತಿಗೆ ಒಡವೆ ಪೆಟ್ಟಿಗೆಗೆ ಕಾವಲು ಬೇಕಾಯಿತು. ಯಾರೂ ಅವಳನ್ನು ಕೇಳಲಿಲ್ಲ. ಪೆಟ್ಟಿಗೆಯನ್ನು ತಂದು ಅವಳ ಮಡಿಲಲ್ಲಿಟ್ಟು, ಕೋಣೆಯ ಬಾಗಿಲನ್ನು ಮುಂದಕ್ಕೆಳೆದುಕೊಂಡು ಎಲ್ಲರೂ ಮಂಟಪಕ್ಕೆ ಓಡಿದರು. ಗಟ್ಟಿಮೇಳ ಕೇಳಿಸಿತು. ಜನ ಅಕ್ಷತೆ ಎಸೆಯುವ ಗಲಾಟೆ ಕೇಳಿಸಿತು. ಬಾಗಿಲ ಸಂದಿಯಲ್ಲಿ ಕಂಡದ್ದು ಎದುರುಗೋಡೆಯ ಕ್ಯಾಲೆಂಡರ್ ಮಾತ್ರ.

“ಫೋಟೋದಲ್ಲಿ ನೋಡ್ತೀಯಲ್ಲ, ಬುಡು” ಎಂದ ಅಣ್ಣ. ಆಲ್ಬಮ್ ಬಂದಾಗ ಮೊದಲಿಂದ ಕೊನೆಯವರೆಗೆ ತಿರುವಿದಳು. ದೂರದ ಸಂಬಂಧಿಕರು, ಅಡುಗೆಯವರು, ಯಾರದೋ ಕಂಕುಳ ಮಗು, ಎಲ್ಲರೂ ಇದ್ದರು. ಅವಳು ಒಂದರಲ್ಲೂ ಇರಲಿಲ್ಲ. ಆಲ್ಬಮ್ಮನ್ನು ಮುಚ್ಚಿ, “ಚೆನ್ನಾಗಿ ಬಂದೈತೆ” ಎಂದಳು. ಆವತ್ತು ನುಂಗಿದ ಸಿಟ್ಟು ಮಾತ್ರ ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ.

ಇನ್ನೊಮ್ಮೆ ತುಮಕೂರಿನ ಅಂಗವಿಕಲರ ಕ್ಯಾಂಪಿನಲ್ಲಿ ಅವಳಿಗೆ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿ ಸಿಕ್ಕಿತು. ಬೀದಿಯಲ್ಲಿ ಅದನ್ನು ಓಡಿಸಿದ್ದು ಒಂದೇ ಸಂಜೆ. ಇಳಿಜಾರಿನಲ್ಲಿ ಗಾಡಿ ತಾನೇ ತಾನಾಗಿ ಓಡತೊಡಗಿ, ಗಾಳಿ ಮುಖಕ್ಕೆ ಬಡಿದಾಗ ಅವಳು ಜೋರಾಗಿ ಕೂಗಿಕೊಂಡಳು. ಹೆದರಿಕೆಯಿಂದ ಅಲ್ಲ. ಆ ಕೂಗು ಅಣ್ಣನ ಕಿವಿಗೆ ಬಿತ್ತು. “ಬೀದೀಲಿ ಮರ್ಯಾದೆ ಕಳೀಬೇಡ ಕಣೇ, ಜನ ಏನಂತಾರೆ?” ಎಂದು ಗಾಡಿಯನ್ನು ಹಿತ್ತಿಲ ಕೊಟ್ಟಿಗೆಗೆ ತಳ್ಳಿದ. ಸ್ವಲ್ಪ ದಿನಕ್ಕೆ ಅದರ ಮೇಲೆ ಹುಣಸೆಹಣ್ಣಿನ ಮೂಟೆಗಳು ಕೂತವು. ತನ್ನ ಗಾಡಿಯೂ ತನ್ನ ಹಾಗೆಯೇ ಯಾರದೋ ಸಾಮಾನು ಹೊತ್ತುಕೊಂಡು ಕೂತಿದೆಯಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಅವ್ವ ತೀರಿಕೊಂಡ ಮೇಲೆ ಅವಳು ಬೂತಿನ ಹಿಂದಿನ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಅಣ್ಣ ಕ್ಯಾತ್ಸಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಅಲ್ಲೇ ಮನೆ ಮಾಡಿದ್ದ. ಶಶಿರೇಖಾ ಗಂಡನ ಜೊತೆ ಕುಣಿಗಲ್ಲಿನಲ್ಲಿದ್ದಳು. ಎರಡು ಸಾವಿರದ ಮೂರನೇ ಇಸವಿ. ಜನರ ಕೈಗೆ ಮೊಬೈಲ್ ಬರತೊಡಗಿ, ಬೂತಿನ ಮುಂದಿನ ಸಾಲು ಕರಗುತ್ತಿತ್ತು. ಕೈಯಲ್ಲಿ ಕೆಲಸ ಕಮ್ಮಿಯಾದಷ್ಟೂ ಅವಳ ಕಣ್ಣು ಎದುರುಗೋಡೆಯ ಪೋಸ್ಟರಿನ ಮೇಲೆ ಹೋಗುತ್ತಿತ್ತು. ಕುಣಿಗಲ್ ರಸ್ತೆಯಲ್ಲಿ, ಹೆಬ್ಬೂರು ದಾಟಿದ ಮೇಲೆ ಹೊಸದಾಗಿ ತೆರೆದಿದ್ದ ಪಾರ್ಕಿನ ಪೋಸ್ಟರ್ ಅದು. ದೊಡ್ಡ ತಿರುಗಣೆ ತೊಟ್ಟಿಲು, ಅಲೆ ಏಳುವ ಕೊಳ, ನೀರಿನ ಜಾರುಬಂಡೆ. ಮೂಲೆಯಲ್ಲಿ ಒಂದು ಪುಟ್ಟ ಕೆಂಪು ಕಾರು, ಡ್ಯಾಷಿಂಗ್ ಕಾರು.

ಪಾರ್ಕಿಗೆ ಹೋಗಿ ಬಂದ ಕಾಲೇಜು ಹುಡುಗಿಯರು ಬೂತಿಗೆ ಬಂದರೆ ಅವಳು ಕೇಳುತ್ತಿದ್ದದ್ದು ಆ ಕಾರಿನ ವಿಷಯವೊಂದನ್ನೇ.

“ಅದಕ್ಕೆ ಗೇರ್ ಇದ್ಯೇನಮ್ಮ? ಬ್ರೇಕು?”

“ಏನೂ ಇಲ್ಲ ಕಣಕ್ಕ. ಒಂದ್ ಸ್ಟೇರಿಂಗು, ಕಾಲ್ಹತ್ರ ಒಂದ್ ಪೆಡಲ್. ತುಳಿದ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ. ಸುಮ್ನೆ ಒಬ್ರಿಗೊಬ್ರು ಗುದ್ದೋದು.”

ಒಂದು ಪೆಡಲ್. ಒಂದು ಕಾಲು ಸಾಕು. ಶಿವರುದ್ರಮ್ಮನ ಬಲಗಾಲು ಎರಡು ಕಾಲಿನ ಭಾರ ಹೊತ್ತು ಹೊತ್ತು ಗಟ್ಟಿಯಾಗಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೇಜಿನ ಕೆಳಗೆ ಒಂದು ಇಟ್ಟಿಗೆಯ ಮೇಲೆ ಬಲಗಾಲಿಟ್ಟು ಒತ್ತುತ್ತ, ಬಿಡುತ್ತ ಕೂರುವಳು. ಯಾರಾದರೂ ಬಂದರೆ ಸೆರಗು ಎಳೆದುಕೊಂಡು ಮುಖ ಗಂಟುಹಾಕಿಕೊಳ್ಳುವಳು.

ಆ ಬೇಸಿಗೆ ರಜದಲ್ಲಿ ಬೂತಿಗೆ ಅಣ್ಣನ ಫೋನು ಬಂತು. “ರುದ್ರೀ, ಭಾನುವಾರ ಎಲ್ಲಾ ಪಾರ್ಕ್‌ಗೆ ಹೊಂಟಿದೀವಿ. ಶಶಿನೂ ಅಲ್ಲಿಗೇ ಬತ್ತಾಳೆ. ನೀನ್ ಬರ್ಲೇಬೇಕು.”

ನೀನು ಬರಲೇಬೇಕು ಎಂದು ಅವಳಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. “ಅಣ್ಣ, ನಾನ್ ಆ ಡ್ಯಾಷಿಂಗ್ ಕಾರ್ ಓಡಿಸ್ಬೇಕು” ಎಂದಳು, ಸಣ್ಣ ಹುಡುಗಿಯ ಹಾಗೆ.

“ಓಡ್ಸುವಂತೆ ಬಾರೇ, ಅದಕ್ಕೇನ್ ಮಹಾ” ಎಂದು ಅವನು ನಕ್ಕ.

ಭಾನುವಾರ ಬೆಳಿಗ್ಗೆ ಬಾಡಿಗೆ ಸುಮೋ ಗುಬ್ಬಿಗೆ ಬಂದು ಅವಳನ್ನು ಹತ್ತಿಸಿಕೊಂಡು ಕ್ಯಾತ್ಸಂದ್ರಕ್ಕೆ ಹೋಯಿತು. ಅಲ್ಲಿ ಅಣ್ಣ, ಅತ್ತಿಗೆ ಮಾಲಿನಿ, ಮಕ್ಕಳು ಹತ್ತಿದರು. ತಟ್ಟೆ ಇಡ್ಲಿ ತಿನ್ನಲು ಎಲ್ಲರೂ ಹೋಟೆಲಿನ ಮುಂದೆ ಇಳಿದರು. “ನೀನ್ ಇಳೀಬೇಡ, ಗಾಡೀಲಿ ಸಾಮಾನೈತೆ” ಎಂದ ಅಣ್ಣ. ಎಲ್ಲರೂ ತಿಂದು ಕಾಫಿ ಕುಡಿದು ಬಂದ ಮೇಲೆ ಅವಳಿಗೊಂದು ಪೊಟ್ಟಣ ಬಂತು. ಆರಿದ ಇಡ್ಲಿಯನ್ನು ಅವಳು ಎಲೆಯಲ್ಲೇ ಮುರಿದು ತಿಂದಳು. ಇವತ್ತು ಕಾರು ಓಡಿಸುವ ದಿನ, ಇಡ್ಲಿಗೆಲ್ಲ ಮುಖ ಕೆಡಿಸಿಕೊಳ್ಳಬಾರದು ಎಂದುಕೊಂಡಳು.

ಪಾರ್ಕಿನ ಬಾಗಿಲಲ್ಲಿ ಶಶಿರೇಖಾ ಗಂಡ ಮಕ್ಕಳೊಂದಿಗೆ ಕಾಯುತ್ತಿದ್ದಳು. ಒಬ್ಬೊಬ್ಬರಿಗೂ ಆಟದ ಕೂಪನ್ನುಗಳ ಒಂದೊಂದು ಪಟ್ಟಿ ಕೊಟ್ಟರು. ಒಳಗೆ ಹೋಗುತ್ತಿದ್ದಂತೆ ಎಡಗಡೆ ಕಬ್ಬಿಣದ ಲಾಕರುಗಳ ಸಾಲು, ಅದರ ಮುಂದೆ ಬೀಗದ ಕೈಗಳ ಗೊಂಚಲು ಹಿಡಿದ ಒಬ್ಬ ಆಸಾಮಿ. “ಸಾರ್, ನೀರಿಗಿಳಿಯೋರು ಬ್ಯಾಗು, ಚಿನ್ನ ಎಲ್ಲಾ ಲಾಕರ್‌ನಲ್ಲಿಡಿ” ಎಂದ ಅವನು.

ಚನ್ನಬಸವಯ್ಯ ಶಿವರುದ್ರಮ್ಮನ ಬೆನ್ನು ತಟ್ಟಿದ. “ನಮ್ ರುದ್ರಿ ಇರುವಾಗ ಲಾಕರ್ ಯಾಕ್ರೀ? ಅದಕ್ಕೇ ಅಲ್ವಾ ಕರ್ಕೊಂಡ್ ಬಂದಿರೋದು!”

ಮಾಲಿನಿ ನಕ್ಕಳು. ಶಶಿರೇಖಾಳ ಗಂಡ ನಕ್ಕ. ಲಾಕರಿನವನೂ ಹಲ್ಲು ಕಿರಿದ. ಶಶಿರೇಖಾ ನಗಲಿಲ್ಲ, ಆದರೆ ನಗಬೇಡಿ ಎಂದೂ ಹೇಳಲಿಲ್ಲ. ನೀನು ಬರಲೇಬೇಕು ಎಂದದ್ದರ ಅರ್ಥ ಶಿವರುದ್ರಮ್ಮನಿಗೆ ಆಗ ಆಯಿತು. ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಅವಳ ಮುಖ ಬಿಸಿಯಾಯಿತು.

ಡ್ಯಾಷಿಂಗ್ ಕಾರಿನ ಷೆಡ್ಡಿನ ಎದುರಿಗೆ ಒಂದು ಸಿಮೆಂಟ್ ಬೆಂಚಿತ್ತು. ಅಲ್ಲಿ ಅವಳನ್ನು ಕೂರಿಸಿದರು. ಬ್ಯಾಗುಗಳು ಬಂದವು, ಒಣಬಟ್ಟೆಗಳು ಬಂದವು, ಪುಳಿಯೋಗರೆ ಡಬ್ಬಿ ಬಂತು, ಅಣ್ಣನ ವಾಚು ಬಂತು. ಮಾಲಿನಿ ತನ್ನ ಮಾಂಗಲ್ಯದ ಸರವನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಕೊಟ್ಟಳು, ಶಶಿರೇಖಾಳೂ ಕೊಟ್ಟಳು. ಒದ್ದೆಯಾಗುತ್ತದೆ ಎಂದು ಎಲ್ಲರ ಕೂಪನ್ನುಗಳೂ ಅವಳ ಕೈಗೇ ಬಂದವು. ಮೈಮೇಲಿನ ಇಷ್ಟಲಿಂಗವೊಂದನ್ನು ಬಿಟ್ಟು ಆ ಮನೆತನದ ಸಮಸ್ತವೂ ಅವಳ ಮಡಿಲಲ್ಲಿ ಬಿತ್ತು.

“ಅಣ್ಣ, ಕಾರು?” ಎಂದಳು.

“ಎಲ್ ಹೋಗುತ್ತೆ ಅದು? ನೀರಾಟ ಮುಗೀಲಿ ಇರು.”

ಅವರು ಹೋದರು. ಬೆಂಚಿನಿಂದ ಷೆಡ್ಡು ಚೆನ್ನಾಗಿ ಕಾಣುತ್ತಿತ್ತು. ಕಬ್ಬಿಣದ ನೆಲ, ತಲೆಯ ಮೇಲೆ ತಂತಿಯ ಬಲೆ, ಪ್ರತಿ ಕಾರಿನ ಹಿಂದೆ ಬಲೆಗೆ ತಾಗುವ ಒಂದು ಉದ್ದನೆಯ ಕೋಲು. ಆಗಾಗ ಮೇಲೆ ಚಟಪಟ ಎಂದು ಕಿಡಿ ಹಾರುತ್ತಿತ್ತು. ಗಂಟೆ ಬಾರಿಸಿದರೆ ಓಡುವುದು, ಮತ್ತೆ ಬಾರಿಸಿದರೆ ನಿಲ್ಲುವುದು. ಕೆಂಪು ಕಾರು ಒಂದೇ ಇತ್ತು, ಮಿಕ್ಕವೆಲ್ಲ ಹಳದಿ, ನೀಲಿ. ಹೊಟ್ಟೆ ಬಿಟ್ಟ ಗಂಡಸರು, ಬಳೆ ತೊಟ್ಟ ಅಜ್ಜಿಯರು, ಯಾರು ಯಾರೋ ಅದರಲ್ಲಿ ಕೂತು ಗುದ್ದಿ, ಗುದ್ದಿಸಿಕೊಂಡು, ಕೇಕೆ ಹಾಕಿ ಇಳಿದು ಹೋದರು. ಶಿವರುದ್ರಮ್ಮ ಬ್ಯಾಗುಗಳ ನಡುವೆ ಕೂತು ನೋಡಿದಳು.

ಮಧ್ಯಾಹ್ನ ಎಲ್ಲರೂ ತೊಪ್ಪೆಯಾಗಿ ಬಂದು ಪುಳಿಯೋಗರೆ ತಿಂದರು. “ಈಗ ಹೋಗಣ್ವಾ ಅಣ್ಣ?” ಎಂದು ಅವಳು ಮತ್ತೆ ಕೇಳಿದಳು.

ಅವನು ಬೆರಳು ಚೀಪುತ್ತ ಷೆಡ್ಡಿನ ಕಡೆಗೊಮ್ಮೆ, ಅವಳ ಕಾಲಿನ ಕಡೆಗೊಮ್ಮೆ ನೋಡಿದ. “ಆ ಕಾಲಿಟ್ಕೊಂಡು ಯಾಕೆ ಬುಡೇ. ಬಿದ್ಗಿದ್ದೀಯ, ನೋಡಿದೋರು ನಗ್ತಾರೆ. ನಿನ್ ಕೂಪನ್ನು ಹುಡುಗ್ರಿಗೆ ಕೊಡು, ಇನ್ನೊಂದ್ ರೌಂಡ್ ಆಡ್ಕೊಳ್ಲಿ. ನಾವಿನ್ನೊಂದ್ ಸಲ ಅಲೆಗೆ ಹೋಗ್ ಬತ್ತೀವಿ. ನೀನ್ ಹೆಂಗೂ ಕೂತಿದೀಯಲ್ಲ.”

“ನೀರ್ ಚೆನ್ನಾಗಿದೆ ರುದ್ರಕ್ಕ, ನೀವೂ ಬರೋ ಹಂಗಿದ್ದಿದ್ರೆ” ಎಂದಳು ಮಾಲಿನಿ, ಎದ್ದು ಹೋಗುತ್ತಲೇ.

ಎಂಜಲ ಡಬ್ಬಿಯೂ ಅವಳ ಪಕ್ಕಕ್ಕೇ ಉಳಿಯಿತು. ಆ ಹೊತ್ತಿಗೆ ಎಲ್ಲಿಂದಲೋ ಹಸಿರು ಚೂಡಿದಾರದ ಒಬ್ಬ ಹೆಂಗಸು ಬಂದು, ತನ್ನ ಬ್ಯಾಗನ್ನು ಬೆಂಚಿನ ತುದಿಗಿಟ್ಟು, “ಸ್ವಲ್ಪ ನೋಡ್ಕೊಳ್ಳಿ ಅಮ್ಮ, ಹೆಂಗೂ ಕೂತಿದೀರಲ್ಲ” ಎಂದು ಹೊರಟೇಬಿಟ್ಟಳು. ಪರಿಚಯವಿಲ್ಲ, ಸಂಬಂಧವಿಲ್ಲ, ಹೆಸರು ಕೂಡ ಗೊತ್ತಿಲ್ಲ. ಇವಳ ಹಣೆಯ ಮೇಲೆ ಬರೆದಿತ್ತೇನೋ!

“ರೀ!” ಎಂದು ಶಿವರುದ್ರಮ್ಮ ಕೂಗಿದ ರಭಸಕ್ಕೆ ಸುತ್ತಲಿದ್ದವರೆಲ್ಲ ತಿರುಗಿದರು. “ತಗೊಂಡೋಗ್ರೀ ನಿಮ್ ಬ್ಯಾಗು! ನಾನ್ ಲಾಕರ್ ಅಲ್ಲ. ಲಾಕರ್ ಅಲ್ಲಿದೆ!”

“ಅಯ್ಯ, ಅದಕ್ಯಾಕ್ ಇಷ್ಟ್ ಸಿಟ್ಟು” ಎಂದು ಆ ಹೆಂಗಸು ಮೂತಿ ತಿರುವಿ ಬ್ಯಾಗು ಎತ್ತಿಕೊಂಡು ಹೋದಳು.

ನಾನು ಲಾಕರ್ ಅಲ್ಲ. ಆ ಮಾತನ್ನು ಗೊತ್ತಿಲ್ಲದವಳ ಮುಖಕ್ಕೆ ಹೊಡೆದಂತೆ ಹೇಳಲು ಒಂದು ಕ್ಷಣವೂ ಹಿಡಿಯಲಿಲ್ಲ. ಗೊತ್ತಿದ್ದವರಿಗೆ ಹೇಳದೆ ಇಷ್ಟು ವರ್ಷ ಕಳೆದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬ್ಯಾಗುಗಳ ಪಟ್ಟಿಯನ್ನೆಲ್ಲ ಕೊರಳಿಗೆ ಹಾಕಿಕೊಂಡಳು. ಚಿನ್ನದ ಗಂಟನ್ನು ರವಿಕೆಯೊಳಗೆ ಸೇರಿಸಿದಳು. ಒಣಬಟ್ಟೆಗಳ ಚೀಲವನ್ನು ನೆಲದ ಮೇಲೆ ಕೋಲಿನಿಂದ ತಳ್ಳಿಕೊಂಡು, ಎಂಜಲ ಡಬ್ಬಿಯನ್ನೂ ಬಿಡದೆ, ಲಾಕರಿನವನ ಮುಂದೆ ಹೋಗಿ ನಿಂತಳು.

“ಇರೋದ್ರಲ್ಲಿ ದೊಡ್ಡದು ಕೊಡಪ್ಪ.”

ಬೆಳಿಗ್ಗೆ ಹಲ್ಲು ಕಿರಿದಿದ್ದವನು ಈಗ ಅವಳ ಮುಖ ನೋಡಿ ತೆಪ್ಪಗೆ ಬಾಗಿಲು ತೆಗೆದ. ಚಿನ್ನ, ಬಟ್ಟೆ, ವಾಚು, 'ಹೆಂಗೂ ಕೂತಿರುವವಳ' ಸಮಸ್ತ ಭಾರವೂ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಹೋಯಿತು. ತನ್ನ ದುಡ್ಡಿನಲ್ಲೇ ಬಾಡಿಗೆ ಕಟ್ಟಿ, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಕೂಪನ್ನುಗಳನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡಳು.

ಡ್ಯಾಷಿಂಗ್ ಕಾರಿನ ಗೇಟಿನಲ್ಲಿದ್ದವನ ಅಂಗಿಯ ಮೇಲೆ ಕಿರಣ್‌ಕುಮಾರ್ ಎಂಬ ಬ್ಯಾಡ್ಜಿತ್ತು. ಅವನು ಅವಳ ಕೈಯಲ್ಲಿದ್ದ ಕೂಪನ್ ನೋಡುವ ಮೊದಲು ಕಾಲು ನೋಡಿದ. “ಮಕ್ಕಳನ್ ಕೂರಿಸ್ಬೇಕಾ ಮೇಡಂ? ಎಲ್ಲವ್ರೆ?”

“ಮಕ್ಕಳಿಲ್ಲ. ನನ್ನ ಕೂರಿಸ್ಬೇಕು.”

“ನಿಮ್ಗೆ ಅಲೋ ಇಲ್ಲ ಮೇಡಂ. ಬೋರ್ಡ್ ಓದಿ.”

ಬೋರ್ಡಿನಲ್ಲಿ ಗರ್ಭಿಣಿಯರು, ಹೃದಯದ ಕಾಯಿಲೆಯವರು, ಅಂಗವಿಕಲರು ಎಂದು ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದರು. ಶಿವರುದ್ರಮ್ಮ ಓದಿದಳು. ಓದಿ ಅವನ ಕಡೆ ತಿರುಗಿದಳು.

“ಪೆಡಲ್ ತುಳಿಯೋದು ಯಾವ ಕಾಲಲ್ಲಿ?”

“ಬಲಗಾಲಲ್ಲಿ.”

“ನನ್ ಬಲಗಾಲಿಗೆ ಏನಾಗೈತೆ? ನೋಡಿ ಹೇಳಪ್ಪ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಎಡಗಾಲನ್ನ ಒಬ್ರೂ ಉಪಯೋಗಿಸ್ಲಿಲ್ಲ. ಎಲ್ರೂ ಸುಮ್ನೆ ಚಾಚ್ಕೊಂಡ್ ಕೂತಿದ್ರು.”

ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದರು. ಅವನು ಕುತ್ತಿಗೆ ಕೆರೆದುಕೊಂಡ. “ಅದಲ್ಲಕ್ಕ, ಮೇಲೆ ಕರೆಂಟ್ ಐತೆ. ನಿಮ್ ಕಾಲಲ್ಲಿ ಕಬ್ಬಿಣ ಬೇರೆ. ಏನಾರ ಹೆಚ್ಚುಕಮ್ಮಿ ಆದ್ರೆ ನನ್ ಕೆಲ್ಸ ಹೋಗುತ್ತೆ.”

“ಕಬ್ಬಿಣದ್ದೇ ತಾನೇ ತಕರಾರು?”

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಸೀರೆಯನ್ನು ಮಂಡಿಯವರೆಗೆ ಸರಿಸಿ ಬೂಟು ಬಿಚ್ಚಿದಳು, ಒಂದೊಂದೇ ಪಟ್ಟಿ ಸಡಿಲಿಸಿದಳು. ಮನೆಯ ನಾಲ್ಕು ಗೋಡೆಯ ಹೊರಗೆ ಆ ಕಾಲನ್ನು ಅವಳು ಯಾರಿಗೂ ತೋರಿಸಿದವಳಲ್ಲ, ಆಸ್ಪತ್ರೆಯಲ್ಲಿ ಕೂಡ ಪರದೆ ಎಳೆಯಿರಿ ಎನ್ನುತ್ತಿದ್ದಳು. ಈಗ ಭಾನುವಾರದ ಜಾತ್ರೆಯಂಥ ಜನರ ಮುಂದೆ, ಹಂಚಿಕಡ್ಡಿಯ ಹಾಗಿದ್ದ ಆ ಕಾಲನ್ನು ಬಿಸಿಲಿಗೆ ಚಾಚಿದಳು. ನಾಚಿಕೆ ಬರಬೇಕಿತ್ತು. ಬಂದದ್ದು ಬರೀ ಸಿಟ್ಟು. ಕ್ಯಾಲಿಪರನ್ನು ಎತ್ತಿ ಅವನ ತೋಳಿಗೆ ಒರಗಿಸಿದಳು.

“ಹಿಡ್ಕೊ. ನಾನ್ ಬರೋವರ್ಗೂ ಇದನ್ನ ನೋಡ್ಕೊ. ಅಲ್ಲಿಲ್ಲಿ ಇಟ್ಟು ಹೋದ್ರೆ ಗ್ರಹಚಾರ ಬಿಡಿಸ್ಬಿಡ್ತೀನಿ.”

ಜೀವನದಲ್ಲಿ ಮೊದಲ ಸಲ ತನ್ನ ಸಾಮಾನನ್ನು ಇನ್ನೊಬ್ಬರ ಕೈಗೆ ಕೊಟ್ಟು, ನೋಡಿಕೋ ಎಂದಿದ್ದಳು. ಕಿರಣ್‌ಕುಮಾರ್ ತಬ್ಬಿಬ್ಬಾಗಿ, ಬೇರೆಯವರ ಕೂಸನ್ನು ಹಿಡಿದವನಂತೆ ಅದನ್ನು ಎದೆಗವಚಿ ನಿಂತ. ಶಿವರುದ್ರಮ್ಮ ಎರಡೂ ಕೈ ಊರಿ, ಕೂತಲ್ಲಿಂದಲೇ ಜರುಗುತ್ತ ಕಬ್ಬಿಣದ ನೆಲಕ್ಕಿಳಿದಳು. ಸೀರೆಗೆ ಗ್ರೀಸು ಮೆತ್ತಿತು. “ಅಯ್ಯೋ, ಎತ್ತಿ ಕೂರಿಸ್ರೋ ಯಾರಾದ್ರೂ” ಎಂದಿತು ಒಂದು ದನಿ. ಇಬ್ಬರು ಮುಂದೆ ಬಂದರು.

“ಮುಟ್ಟಿದ್ರೆ ಸರಿಯಿರಲ್ಲ” ಎಂದಳು. ಅವರು ಅಲ್ಲೇ ನಿಂತರು. ತೆವಳಿಕೊಂಡೇ ಹೋಗಿ ಕೆಂಪು ಕಾರಿನ ಅಂಚು ಹಿಡಿದು, ಕೋಲೂರಿ ಊರಿ ಗಟ್ಟಿಯಾಗಿದ್ದ ತೋಳುಗಳಿಂದ ತನ್ನನ್ನು ತಾನೇ ಎತ್ತಿ ಸೀಟಿಗೆ ಹಾಕಿಕೊಂಡಳು.

ಗಂಟೆ ಹೊಡೆಯಿತು. ಬಲಗಾಲು ಪೆಡಲಿನ ಮೇಲೆ ಬಿತ್ತು, ಬೂತಿನ ಇಟ್ಟಿಗೆಯ ಮೇಲೆ ಬೀಳುತ್ತಿದ್ದ ಹಾಗೆಯೇ. ಕಾರು ಜಗ್ಗಿ, ಹೊರಳಿ, ನೇರ ಹೋಗಿ ಗೋಡೆಗೆ ಬಡಿಯಿತು. ಅವಳು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಳು, ಬಿಡಿಸಿಕೊಂಡಳು. ಎದುರಿಗೆ ಯಾರೋ ಮೀಸೆಯ ಗಂಡಸಿನ ಹಳದಿ ಕಾರು ಬಂತು. ಹೊಡೆದಳು. ಅವನು ನಕ್ಕು ಕೈಯೆತ್ತಿದ. ಗುದ್ದಿದರೆ ಯಾರೂ ಬೈಯದ, ಅಯ್ಯೋ ಪಾಪ ಎಂದೂ ಅನ್ನದ ಜಾಗ ಒಂದು ಈ ಭೂಮಿಯ ಮೇಲಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಛತ್ರದ ಕೋಣೆ ನೆನಪಾಯಿತು, ಹೊಡೆದಳು. ಹುಣಸೆಹಣ್ಣಿನ ಮೂಟೆ ನೆನಪಾಯಿತು, ಹೊಡೆದಳು. ಹಲ್ಲು ಕಚ್ಚಿ, ಜಡೆ ಬಿಚ್ಚಿಹೋಗಿ, ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೂ ಹೊಡೆಯುತ್ತಲೇ ಹೋದಳು.

ಮತ್ತೆ ಗಂಟೆ ಹೊಡೆದಾಗ ಎಲ್ಲರೂ ಇಳಿದರು. ಅವಳು ಇಳಿಯಲಿಲ್ಲ. “ಇನ್ನೊಂದ್ ಸಲ” ಎಂದು ಅಣ್ಣನ ಕೂಪನ್ ಹರಿದು ಕೊಟ್ಟಳು. ಕಿರಣ್‌ಕುಮಾರ್ ತೆಗೆದುಕೊಂಡ.

ಆ ರೌಂಡು ಮುಗಿಯುವ ಹೊತ್ತಿಗೆ ಕಂಬಿಯ ಆಚೆ ಚನ್ನಬಸವಯ್ಯ ಪ್ರತ್ಯಕ್ಷನಾದ. ಬಾಡಿಗೆಯ ನೀಲಿ ಚಡ್ಡಿ, ಬರಿ ಎದೆಯ ಮೇಲೆ ಲಿಂಗದ ಕರಡಿಗೆ, ಮೈಯಿಂದ ತೊಟ್ಟಿಕ್ಕುವ ನೀರು. ಖಾಲಿ ಬೆಂಚು ನೋಡಿ ಅವನ ಜೀವ ಬಾಯಿಗೆ ಬಂದಿತ್ತು. “ರುದ್ರೀ! ಏನೇ ಇದು ಅವತಾರ? ಬ್ಯಾಗೆಲ್ಲೇ? ಚಿನ್ನ ಎಲ್ಲೇ?”

“ಲಾಕರ್‌ನಲ್ಲೈತೆ.”

“ಬೀಗದ ಕೈ ಕೊಡು ಇಲ್ಲಿ.”

“ಕಾರ್ ಓಡ್ಸಿ ಆದ್ಮೇಲೆ.”

“ಮಾಲಿನಿ ಒದ್ದೆ ಬಟ್ಟೇಲಿ ನಡುಗ್ತಾ ನಿಂತವ್ಳೆ ಕಣೇ!”

“ನಿಂತ್ಕೊಳ್ಲಿ. ಅವಳಿಗೆ ಎರಡ್ ಕಾಲೈತಲ್ಲ.”

ಜನ ಅವನನ್ನೂ ಅವನ ಚಡ್ಡಿಯನ್ನೂ ನೋಡುತ್ತಿದ್ದರು. ದನಿ ತಗ್ಗಿಸಿ, “ಮರ್ಯಾದೆ ಕಳೀಬೇಡ ಬಾರೇ, ಜನ ನೋಡ್ತಾವ್ರೆ” ಎಂದ.

“ನೋಡ್ಲಿ. ನಾನ್ ಕೂತಿರೋದನ್ನ ನಲವತ್ ವರ್ಷ ಯಾರೂ ನೋಡ್ಲಿಲ್ಲ, ಈಗ್ಲಾದ್ರೂ ನೋಡ್ಲಿ. ಲಾಕರ್ ಅಂದ್ಯಲ್ಲ ಬೆಳಿಗ್ಗೆ? ಲಾಕರ್‌ಗೂ ಬಾಡಿಗೆ ಕೊಡ್ತಾರೆ ಅಣ್ಣ. ನಂಗೆ ಒಂದ್ ಕಾರ್ ಓಡ್ಸಕ್ಕೂ ಬಿಡ್ಲಿಲ್ಲ ನೀನು.”

ಅವನ ಹಿಂದೆ ಬಂದು ನಿಂತಿದ್ದ ಶಶಿರೇಖಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಅಕ್ಕಾ” ಎಂದಳು, ಅಷ್ಟೆ.

ಶಿವರುದ್ರಮ್ಮ ಅವಳ ಕಡೆ ತಿರುಗಿದಳು. “ನಿಂಗೆ ತಾಳಿ ಕಟ್ಟಿದ್ದು ನಾನ್ ನೋಡ್ಲಿಲ್ಲ ಕಣೇ ಶಶಿ. ಪಕ್ಕದ ಕೋಣೇಲಿ ನಿನ್ನ ಒಡವೆ ಕಾಯ್ತಾ ಕೂತಿದ್ದೆ.”

ತಂಗಿಯ ಮುಖ ಬಿಳಿಚಿಕೊಂಡಿತು. “ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ. ನಾನ್ ತಲೆ ತಗ್ಗಿಸ್ಕೊಂಡಿದ್ದೆ. ನೀನಲ್ಲೇ ಹಿಂದೆ ನಿಂತಿದೀಯ ಅನ್ಕೊಂಡಿದ್ದೆ.” ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದಳು. ಒಮ್ಮೆಯೂ ಕೇಳಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಗೇಟಿನ ಒಳಗೆ ಬಂದು, “ನಾನೂ ನಿನ್ ಪಕ್ಕ ಕೂತ್ಕೊಳ್ಲಾ?” ಎಂದಳು.

“ಬೇಡ. ಆ ನೀಲಿ ಕಾರಲ್ಲಿ ಕೂತ್ಕೊ. ನಿಂಗೆ ಗುದ್ದಬೇಕು.”

ಶಶಿರೇಖಾ ಕಣ್ಣೊರೆಸಿಕೊಂಡು, ಹೋಗಿ ನೀಲಿ ಕಾರಿನಲ್ಲಿ ಕೂತಳು. ಗುದ್ದು ಬಿದ್ದಾಗ ತಪ್ಪಿಸಿಕೊಳ್ಳಲೂ ಇಲ್ಲ.

ಇತ್ತ ಕಿರಣ್‌ಕುಮಾರನಿಗೆ ಒಂದು ಕೈಯಲ್ಲಿ ಕ್ಯಾಲಿಪರ್ ಹಿಡಿದು ಇನ್ನೊಂದು ಕೈಯಲ್ಲಿ ಕೂಪನ್ ಹರಿದು, ಗಂಟೆ ಬಾರಿಸಿ ಸಾಕಾಗಿತ್ತು. “ಸಾರ್, ನಿಮ್ಮೋರೇ ತಾನೇ? ಇದನ್ನ ನೋಡ್ಕೊಳಿ. ಆಯಮ್ಮ ಕೆಳಗಿಡಬಾರ್ದು ಅಂದವ್ರೆ” ಎಂದು ಚನ್ನಬಸವಯ್ಯನ ಕೈಗೆ ದಾಟಿಸಿದ. ತಂಗಿಯ ಕಾಲಿನ ಆ ಕಬ್ಬಿಣವನ್ನು ಅವನು ಯಾವತ್ತೂ ಎತ್ತಿ ನೋಡಿದವನಲ್ಲ. ಇಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲಿಡುವುದೆಂದು ತಿಳಿಯದೆ, ಬಟ್ಟೆಯೂ ಇಲ್ಲದೆ, ಬೀಗದ ಕೈಯೂ ಇಲ್ಲದೆ, ಸುತ್ತ ನೋಡಿ ಕೊನೆಗೆ ಆ ಸಿಮೆಂಟ್ ಬೆಂಚಿನ ಮೇಲೆ ಕೂತು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

ಹಸಿರು ಚೂಡಿದಾರದ ಹೆಂಗಸು ಮತ್ತೆ ಆ ದಾರಿಯಲ್ಲಿ ಬಂದಳು. ಬೆಂಚಿನ ಮೇಲೆ ಬೇರೆ ಯಾರೋ ಇರುವುದನ್ನು ಕಂಡು ಅವಳಿಗೆ ಸಮಾಧಾನವಾಯಿತು. ಬ್ಯಾಗನ್ನು ಚನ್ನಬಸವಯ್ಯನ ಪಕ್ಕಕ್ಕಿಟ್ಟು, “ಅಣ್ಣಾ, ಹೆಂಗೂ ಕೂತಿದೀರಲ್ಲ, ಇದನ್ನೊಂಚೂರು ನೋಡ್ಕೊಳಿ” ಎಂದು ಉತ್ತರಕ್ಕೂ ಕಾಯದೆ ನೀರಿನ ಕಡೆ ಹೊರಟುಹೋದಳು.

ಚನ್ನಬಸವಯ್ಯ ಬಾಯಿ ತೆರೆದ. ಏಳಲು ಹೋದ. ತೊಡೆಯ ಮೇಲಿನ ಭಾರ ಏಳಗೊಡಲಿಲ್ಲ. ಆ ಬ್ಯಾಗನ್ನೊಮ್ಮೆ ನೋಡಿ, ತಲೆಯೆತ್ತಿ ಕಂಬಿಯ ಆಚೆಗಿದ್ದ ತಂಗಿಯನ್ನು ನೋಡಿದ.

ಶಿವರುದ್ರಮ್ಮ ಅವನನ್ನೇ ನೋಡುತ್ತಿದ್ದಳು. ನಗಲಿಲ್ಲ. ಕಿರಣ್‌ಕುಮಾರನನ್ನು ಕರೆದು ಮಾಲಿನಿಯ ಕೂಪನ್ನು ಕೊಟ್ಟಳು, ಗಂಟೆ ಬಾರಿಸುವುದನ್ನು ಕಾಯುತ್ತ ಬಲಗಾಲನ್ನು ಪೆಡಲಿನ ಮೇಲಿಟ್ಟಳು.